ಬಾಗಿಲ ಪಕ್ಕದ ಕೀಲಿ ಪೆಟ್ಟಿಗೆ

ನಮ್ಮ ಮೇಲಿನ ಮಹಡಿಯ ಮನೆಯ ಬಾಗಿಲ ಪಕ್ಕದಲ್ಲಿ, ದಿನದ ಬಾಡಿಗೆಗೆ ಬರುವ ಅತಿಥಿಗಳು ತಾವೇ ಕೀಲಿ ತೆಗೆದುಕೊಳ್ಳಲೆಂದು, ಅಂಕಿ ಒತ್ತಿ ತೆರೆಯುವ ಪುಟ್ಟದೊಂದು ಕೀಲಿ ಪೆಟ್ಟಿಗೆ ಬಂದ ದಿನದಿಂದ ಅಲ್ಲಿ ಇರುವವರು ಯಾರೆಂಬುದೇ ತಿಳಿಯದಾಗಿದೆ. ನಿನ್ನೆ ನಡುರಾತ್ರಿಯೂ ಸೂಟ್‌ಕೇಸಿನ ಚಕ್ರಗಳು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಮೇಲೇರಿದವು. ಬಂದವರ ಮೇಲೆ ನನಗೆ ಮುನಿಸಿಲ್ಲ. ದಣಿದು ಬಂದವರಿಗೆ ತಂಗಲು ಜಾಗ ಬೇಕೇ ಬೇಕು. ಆದರೆ ವರ್ಷಗಟ್ಟಲೆ ಬಾಡಿಗೆಗೆ ಸಿಗಬೇಕಾದ ಮನೆ ದಿನದ ಲೆಕ್ಕಕ್ಕೆ ಹೋದರೆ, ಅಲ್ಲಿ ಸಂಸಾರ ಹೂಡಬೇಕಾಗಿದ್ದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಿಕೊಂಡು, ಅತಿಥಿಗಳಿರುವಷ್ಟು ದಿನ ತಾವೂ ಅದೇ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳಬಾರದು ಎಂಬ ನಿಯಮ ಜಾರಿಯಲ್ಲಿದೆ. ಸ್ಪೇನಿನ ಬಾರ್ಸಿಲೋನಾ ನಗರ ಇನ್ನೂ ಮುಂದೆ ಹೋಗಿ, ಸುಮಾರು 10,000 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲವೆಂದು 2024ರಲ್ಲಿ ಪ್ರಕಟಿಸಿತು. ನನಗೆ ನ್ಯೂಯಾರ್ಕಿನ ದಾರಿಯೇ ಸರಿ ಕಾಣುತ್ತದೆ. ತಾನಿರುವ ಮನೆಯ ಒಂದು ಕೋಣೆ ಕೊಟ್ಟು ಸಾಲದ ಕಂತು ಕಟ್ಟುವವರನ್ನೂ, ಹತ್ತಾರು ಮನೆ ಹಿಡಿದು ವಹಿವಾಟು ನಡೆಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನೋಂದಣಿಯಿಲ್ಲದ ಮನೆಗಳ ಬುಕಿಂಗ್‌ಗೆ ಹಣ ಪಾವತಿ ನಡೆಸಬಾರದೆಂಬ ಹೊಣೆಯನ್ನು ಬುಕಿಂಗ್ ಜಾಲತಾಣಗಳ ಮೇಲೂ ನ್ಯೂಯಾರ್ಕಿನ ಆ ಕಾನೂನು ಹೊರಿಸಿರುವುದರಿಂದ, ಎಲ್ಲ ಭಾರವೂ ನೆರೆಯವರ ದೂರಿನ ಮೇಲೆಯೇ ಬೀಳುವುದಿಲ್ಲ.