ಡ್ಯಾಮ್ ಇಲ್ಲದ ಡ್ಯಾಮ್ ಸಿನಿಮಾ

ರಾಯಚೂರಿನಲ್ಲಿ ಸಿನಿಮಾ ಹುಚ್ಚಿಲ್ಲದ ಹುಡುಗರು ಸಿಗುವುದು ಕಷ್ಟ. ಕನ್ನಡದ ಜೊತೆ ತೆಲುಗು ಸಿನಿಮಾವೂ ಇಲ್ಲಿಯವರಿಗೆ ಮನೆಯದ್ದೇ. ಗಡಿ ದಾಟಿದರೆ ತೆಲಂಗಾಣ, ಅಲ್ವಾ. ಹಾಗಾಗಿ ನಾನು ಪಾಠ ಮಾಡುವ ಪತ್ರಿಕೋದ್ಯಮ ಕ್ಲಾಸಿನಲ್ಲಿ "ಏಳು ನಿಮಿಷದ ಕಿರುಚಿತ್ರಕ್ಕೆ ಕಥೆ ತನ್ನಿ, ನಾನೇ ನಿರ್ಮಾಪಕಿ ಅಂದುಕೊಂಡು ಹೇಳಿ" ಎಂದಾಗ ಯಾರೂ ತಕರಾರು ತೆಗೆಯಲಿಲ್ಲ. ಹಾಜರಿ ಕಡಿಮೆ ಇದ್ದವರೂ ಅವತ್ತು ಮುಂದಿನ ಬೆಂಚಿನಲ್ಲಿದ್ದರು. ಷರತ್ತು ಇಷ್ಟೇ: ಒಂದು ಮೊಬೈಲಿನಲ್ಲಿ ಶೂಟಿಂಗ್, ಕೈಯಿಂದ ದುಡ್ಡು ಹಾಕುವಂತಿಲ್ಲ, ಜಿಲ್ಲೆ ಬಿಟ್ಟು ಹೊರಗೆ ಹೋಗುವಂತಿಲ್ಲ.

ಮೊದಲು ಬಂದ ಕಥೆಗಳಲ್ಲಿ ಹೀರೊ ಊರಿಗೆ ವಾಪಸ್ ಬರುತ್ತಾನೆ. "ಬಸ್ಸಿನಿಂದ ಇಳೀತಾನ್ರಿ ಮೇಡಂ, ಮೊದಲು ಬರೇ ಕಾಲು ತೋರಿಸ್ತೀವಿ." ಹಿಂದಿನಿಂದ ಶಿಳ್ಳೆ ಬಿತ್ತು. ನಾನು ನಗಲಿಲ್ಲ. ಮುಖ ತಡವಾಗಿ ತೋರಿಸಿದರೆ ಜನ ಕಾಯುತ್ತಾರೆ ಎಂಬುದು ಆ ಹುಡುಗನಿಗೆ ಗೊತ್ತಿತ್ತು. ಮಾಸ್ ಸಿನಿಮಾ ಎಂದರೆ ಮೂಗು ಮುರಿಯುವ ನಮ್ಮಂಥ ಮೇಷ್ಟ್ರುಗಳಿಗೆ ಇದು ಬೇಗ ಕಾಣುವುದಿಲ್ಲ.

ಹಟ್ಟಿಯ ಹುಡುಗ ಬಂಗಾರ ಕದಿಯುವ ಗ್ಯಾಂಗಿನ ಕಥೆ ತಂದಿದ್ದ. ಕಾರು, ಪಿಸ್ತೂಲು, ಸುರಂಗ ಎಲ್ಲಾ ಇತ್ತು. ಅವನ ಮಾವ ಹಟ್ಟಿ ಗಣಿಯಲ್ಲೇ ಕೆಲಸಕ್ಕಿದ್ದಾರೆ. "ಮಾವ ಗಣಿಯೊಳಗ ಬಂಗಾರ ನೋಡ್ಯಾರೇನಪ್ಪಾ?" ಎಂದು ಕೇಳಿದೆ. "ಎಲ್ಲೀದ್ರಿ, ಬರೇ ಕಲ್ಲು" ಎಂದ. ನಿಜವೇ. ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ವರ್ಷಗಟ್ಟಲೆ ಬಂಗಾರದ ಗಣಿಗೆ ಇಳಿದು ಬಂಗಾರ ಕಾಣದ ಮನುಷ್ಯ! ಇದನ್ನೇ ಮಾಡು ಎಂದೆ. ಅವನಿಗೆ ಮನಸ್ಸಾಗಲಿಲ್ಲ. ಪಿಸ್ತೂಲು ಬಿಡಲು ತಯಾರಿರಲಿಲ್ಲ.

ಆಮೇಲೆ ಎದ್ದವನು ಸಿಂಧನೂರು ಕಡೆಯವನು. "ಹತ್ತೊಂಬತ್ತನೇ ಗೇಟ್" ಎಂದ. ಇಡೀ ಕ್ಲಾಸಿಗೆ ಅರ್ಥವಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿ ಹೋಗಿತ್ತು. ಡ್ಯಾಮ್ ತುಂಬಿತ್ತು, ಭತ್ತದ ನಾಟಿ ನಡೆದಿತ್ತು. ನೀರೆಲ್ಲಾ ಹೊಳೆಗೆ ಹೋದರೆ ಬೆಳೆ ಏನಾಗಬೇಕು? ಕೊನೆಗೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಕಬ್ಬಿಣದ ತಡೆಗಳನ್ನು ಒಂದರ ಮೇಲೊಂದು ಇಳಿಸಿಸಿದರು. ವಾರದೊಳಗೆ ನೀರು ನಿಂತಿತು. ಗಡುವಿದೆ, ಅಪಾಯವಿದೆ, ವಯಸ್ಸಾದ ಹೀರೊ ಇದ್ದಾರೆ. ಇಷ್ಟು ಅಚ್ಚುಕಟ್ಟಾದ ಕಥೆ ಬರೆದರೂ ಸಿಗುವುದಿಲ್ಲ.

ಆದರೆ ಡ್ಯಾಮ್ ನಮ್ಮ ಜಿಲ್ಲೆಯಲ್ಲಿಲ್ಲ. ಇದ್ದರೂ ಮೊಬೈಲ್ ಹಿಡಿದ ಹುಡುಗರನ್ನು ಗೇಟಿನ ಹತ್ತಿರ ಯಾರು ಬಿಡುತ್ತಾರೆ? "ಟಿವಿ ಸುದ್ದಿ ಕಟ್ ಮಾಡಿ ಹಾಕಾಣ್ರಿ" ಎಂದ. ಅದು ಬೇರೆಯವರು ತೆಗೆದದ್ದು, ಬೇಡ ಎಂದೆ. "ಅವತ್ತು ನಿಮ್ಮ ಮನೆಯಲ್ಲಿ ಏನು ಕಾಣುತ್ತಿತ್ತು?"

"ಅಪ್ಪಗ ಬಾಳ ಚಿಂತಿ ಆಗಿತ್ರಿ."

ಚಿಂತೆಯನ್ನು ಮೊಬೈಲ್ ಹಿಡಿಯಲ್ಲಪ್ಪಾ, ಅಪ್ಪ ಏನು ಮಾಡಿದರು ಹೇಳು ಎಂದೆ. ಈ ಪ್ರಶ್ನೆಗೇ ಅವತ್ತು ಜಾಸ್ತಿ ಹೊತ್ತು ಹೋಯಿತು. ಅಪ್ಪ ಕಟ್ಟೆ ಮೇಲೆ ಕೂತಿದ್ದ. ಫೋನ್ ಮಾಡುತ್ತಿದ್ದ. ಊಟ ಸೇರಲಿಲ್ಲ. ಇವೆಲ್ಲ ಎಲ್ಲಾ ಸಿನಿಮಾದ ಅಪ್ಪಂದಿರೂ ಮಾಡುವಂಥದ್ದೇ. ಹುಡುಗ ಸುಮ್ನೆ ನಿಂತ. ಕೂರು ಎನ್ನುವಷ್ಟರಲ್ಲಿ ನೆನಪಾಯಿತು. "ಕಾಲುವ್ಯಾಗ ಒಂದು ಕೋಲು ಹುಗಿದಿದ್ದ ನೋಡ್ರಿ. ತಾಸಿಗೊಮ್ಮೆ ಹೋಗಿ ನೀರು ಎಷ್ಟು ಇಳೀತು ಅಂತ ನೋಡಿ ಬರ್ತಿದ್ದ. ರಾತ್ರಿ ಬ್ಯಾಟರಿ ಹಿಡಕೊಂಡು."

ಇಡೀ ಡ್ಯಾಮು ಆ ಕೋಲಿನಲ್ಲಿತ್ತು. ಅದಕ್ಕೆ ದುಡ್ಡೂ ಬೇಡ, ಕ್ರೇನೂ ಬೇಡ. ನನಗಂತೂ ಕಥೆ ಸಿಕ್ಕಿತು ಎನಿಸಿತು.

ಆಗ ಮಾನ್ವಿ ಕಡೆಯ ಹುಡುಗಿ ಕೈ ಎತ್ತಿದಳು. ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿ ಅವಳದ್ದು. "ಇದರಾಗ ಸಸ್ಪೆನ್ಸ್ ಎಲ್ಲೈತ್ರಿ ಮೇಡಂ? ನಮ್ಮ ಕಡಿ ಗೇಟು ಗಟ್ಟಿ ಇದ್ದಾಗ್ಲೂ ನೀರು ಬರಂಗಿಲ್ಲ. ಇವರು ಮ್ಯಾಲೆ ಎತ್ಕೊಂತಾರ."

ಕ್ಲಾಸು ಗದ್ದಲವಾಯಿತು. ಮೇಲ್ಭಾಗ, ಕೊನೆ ಭಾಗ ಎಂಬ ಜಗಳ ನಮ್ಮಲ್ಲಿ ಹಳೆಯದು. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸುತ್ತಾರೆ, ಕೊನೆಯವರು ಕಾಲುವೆ ನೋಡುತ್ತಾ ಕೂರುತ್ತಾರೆ. ಸಿಂಧನೂರಿನವನು "ನಾವೇನು ಕಳುವು ಮಾಡ್ತೀವೇನು?" ಎಂದು ತಿರುಗಿಬಿದ್ದ. ಅವಳು ಜಗ್ಗಲಿಲ್ಲ. "ನಿಮ್ಮಪ್ಪ ಕೋಲು ನೋಡಿ ಗಾಬರಿ ಆದ. ನಮ್ಮಪ್ಪಗ ಕೋಲು ಹುಗಿಯಾಕ ನೀರಾರ ಬೇಕಲ್ಲ!"

ನಾನು ನಡುವೆ ಬಾಯಿ ಹಾಕಲಿಲ್ಲ. ನಾಟಿ ಮಾಡಿದ ಮಡಿ, ಕೋಲು, ಬ್ಯಾಟರಿ ಬೆಳಕು ನೋಡಿ ನಾನು ಕರಗಿದ್ದೆ. ಅವಳಿಗೆ ಕಂಡದ್ದು ಕೋಲಿನ ಆಚೆಗಿನ ಇಪ್ಪತ್ತು ಮೂವತ್ತು ಮೈಲಿ ಕಾಲುವೆ. ಒಂದೇ ಘಟನೆ ಒಬ್ಬರಿಗೆ ಅನಾಹುತ, ಇನ್ನೊಬ್ಬರಿಗೆ ಎಂದಿನ ದಿನ. ಹೀರೊ ಯಾರು ಎಂಬುದಕ್ಕಿಂತ ಕ್ಯಾಮೆರಾ ಕಾಲುವೆಯ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂಬುದೇ ದೊಡ್ಡ ತೀರ್ಮಾನ.

ಎರಡೂ ತುದಿ ಬೇಕು ಎಂದಾಯಿತು. ಆದರೆ ಜೋಡಿಸುವುದು ಹೇಗೆ? ಅದಕ್ಕೆ ಕುಲೆಶೋವ್ ನೆರವಾದ. 1920ರ ಸುಮಾರಿಗೆ ಲೆವ್ ಕುಲೆಶೋವ್ ಎಂಬ ರಷ್ಯಾದ ನಿರ್ದೇಶಕ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ನೋಡಿದವರು ಮೊದಲನೆಯದರಲ್ಲಿ ಹಸಿವು, ಎರಡನೆಯದರಲ್ಲಿ ದುಃಖ ಕಂಡರಂತೆ. ನಾವೂ ಮಾಡಿ ನೋಡಿದೆವು. ಹಟ್ಟಿಯವನನ್ನು ಕೂರಿಸಿ, ನಗಬೇಡ, ಅಳಬೇಡ ಎಂದು ಮುಖ ಶೂಟ್ ಮಾಡಿದೆವು. ಪಕ್ಕದಲ್ಲಿ ಬಿರಿಯಾನಿ ಫೋಟೊ ಇಟ್ಟರೆ ಹಸಿದಿದ್ದಾನೆ, ಪ್ರಶ್ನೆಪತ್ರಿಕೆ ಇಟ್ಟರೆ ಫೇಲಾಗಿದ್ದಾನೆ ಎಂದು ಕ್ಲಾಸೇ ಕೂಗಿತು. ಮುಖ ಮಾತ್ರ ಒಂದೇ.

ಹುಡುಗಿಗೆ ತಕ್ಷಣ ಹೊಳೆಯಿತು. ಒಬ್ಬನೇ ಅಪ್ಪ ಸಾಕು. ಅವನು ಬಗ್ಗಿ ನೋಡುವ ಶಾಟ್, ಆಮೇಲೆ ನೀರಿನಲ್ಲಿ ನಿಂತ ಕೋಲು. ಮತ್ತೆ ಅದೇ ಶಾಟ್, ಆಮೇಲೆ ಬಿರುಕು ಬಿಟ್ಟ ಕಾಲುವೆಯ ತಳ. ಗೇಟಿನ ಸುದ್ದಿ ರೇಡಿಯೊದಲ್ಲಿ ಕೇಳಿದರೆ ಸಾಕು, ಅದನ್ನೂ ನಾವೇ ಓದಿ ರೆಕಾರ್ಡ್ ಮಾಡಬಹುದು. ಸಿಂಧನೂರಿನವನು ಗೊಣಗಿದ. ಅವನ ಕಥೆಯಲ್ಲಿ ಅರ್ಧ ಅವಳ ಪಾಲಾಯಿತು ಎಂಬ ಸಿಟ್ಟು. ಕಾಲುವೆಯಲ್ಲಿ ನೀರು ಹಂಚಿಕೊಳ್ಳದವನು ಕಥೆಯಾದರೂ ಹಂಚಿಕೊಳ್ಳಲಿ ಎಂದು ಅವಳು ಅಂದದ್ದಕ್ಕೆ ಅವನೂ ನಕ್ಕ.

ಶೂಟಿಂಗಿಗೆ ಅವನ ಅಪ್ಪನೇ ಪಾತ್ರಧಾರಿ. ಹೊಲದ ಬಟ್ಟೆಯಲ್ಲೇ ಬರಲು ಹೇಳಿದ್ದರೂ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಅಂಗಿ ಬದಲಿಸುವುದಕ್ಕೆ ಒಪ್ಪಿಸಿದ್ದಾಯಿತು. ನಾಲ್ಕೈದು ಸಲ ಬಗ್ಗಿ ನೋಡಿದ ಮೇಲೆ ಸೊಂಟ ಹಿಡಿದುಕೊಂಡು ಕೇಳಿದರು: "ಡೈಲಾಗು ಯಾವಾಗ್ರಿ?"

"ಡೈಲಾಗ್ ಇಲ್ಲಪ್ಪಾ, ಬರೇ ನೋಡೂದು" ಎಂದ ಮಗ.

"ಬರೇ ನೋಡಾಕ ನಾನ್ಯಾಕ ಬೇಕಲೇ" ಎಂದು ಅವರು ಮಾನ್ವಿಯ ಹುಡುಗಿಯ ಕಡೆ ತಿರುಗಿದರು. ಅವಳು ಯೋಚನೆ ಮಾಡಿ, "ಬೈಯ್ರಿ ಕಾಕಾ, ನಿಮಗ ಯಾರನ್ನ ಬೈಬೇಕು ಅನಸ್ತದ ಅವರನ್ನ ಬೈಯ್ರಿ" ಎಂದಳು. ಅವರು ಶುರು ಮಾಡಿದರು. ಅದರಲ್ಲಿ ಸಿನಿಮಾಕ್ಕೆ ಉಳಿಸಿಕೊಳ್ಳಬಹುದಾದದ್ದು ಅರ್ಧ ನಿಮಿಷ.