ಹೊರೆ ಇಳಿದಲ್ಲಿ ಊರು: ಹೊನ್ನಾವರದಿಂದ ಬಳ್ಳಿಗಾವಿಗೆ

ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನಿಂತರೆ ಒಂದು ಬದಿಗೆ ಅಳಿವೆ, ಇನ್ನೊಂದು ಬದಿಗೆ ಘಟ್ಟದ ಸಾಲು. ಹೊಳೆಗುಂಟ ಸುಮಾರು 30 ಕಿ.ಮೀ. ಒಳಗೆ ಗೇರುಸೊಪ್ಪೆ. ದೋಣಿ ಅಲ್ಲಿಯವರೆಗೆ ಮಾತ್ರ. ಮುಂದಿನದೆಲ್ಲ ಹೇರೆತ್ತಿನ ದಾರಿ. ಗೇರುಸೊಪ್ಪೆ ರಾಜಧಾನಿಯಾದದ್ದು ಯಾಕೆ ಎಂದು ತಿಳಿಯಲು ಈ ಒಂದು ಸಂಗತಿಯಿಂದಲೇ ಹೊರಡಬೇಕು. ಒಂದು ಎತ್ತು ಹೊರುವುದು ನೂರು ಕಿಲೋದ ಆಸುಪಾಸು. ಹತ್ತಾರು ಎತ್ತುಗಳ ಹೇರು ಸೇರಿದರೆ ಒಂದು ದೋಣಿ ತುಂಬುತ್ತದೆ. ಅಷ್ಟು ಸೇರುವತನಕ ಮಾಲು ನೆನೆಯದಂತೆ ಇಡಲು ಉಗ್ರಾಣ ಬೇಕು, ತೂಗುವವರು ಬೇಕು, ಮುಂಗಡ ಕೊಡುವ ಸೆಟ್ಟರು ಬೇಕು. ಅವರೆಲ್ಲರಿಂದ ಸುಂಕ ಎತ್ತಲು ಅರಸೊತ್ತಿಗೆ ಬಂದು ಕೂರುತ್ತದೆ.

ಗೇರುಸೊಪ್ಪೆಯಿಂದ ಆಳಿದ 16ನೇ ಶತಮಾನದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಮೆಣಸು ಬೆಳೆಯುವ ತೋಟಗಳ ತನಕ ಪೋರ್ಚುಗೀಸರ ಕೈ ಚಾಚಲಿಲ್ಲ; 1569ರಲ್ಲಿ ಹೊನ್ನಾವರವನ್ನು ಹಿಡಿದು ಹೊಳೆಯ ಬಾಯಿಗೆ ಬೀಗ ಹಾಕಿದರು. 17ನೇ ಶತಮಾನದ ಆರಂಭದಲ್ಲಿ ರಾಜ್ಯ ಕೆಳದಿ ನಾಯಕರ ಪಾಲಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ದೋಣಿಯಲ್ಲಿ ಇಲ್ಲಿಗೆ ಬಂದಿಳಿದಾಗ ಪಟ್ಟಣ ಆಗಲೇ ಹಾಳು ಬಿದ್ದಿತ್ತು. ಈಗ ಕಾಡಿನ ನಡುವೆ ಉಳಿದಿರುವುದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ನಾಲ್ಕೂ ದಿಕ್ಕಿಗೆ ಮುಖ ಮಾಡಿದ ಜಿನಬಿಂಬಗಳು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ವಿಪರೀತ. ನವೆಂಬರ್ ಕಳೆದ ಮೇಲೆ ಹೋಗುವುದು ಲೇಸು.

ಮತ್ತೆ ಕರಾವಳಿಗೆ ಇಳಿದು ಕುಮಟಾ. ಮಿರ್ಜಾನಿನ ಜಂಬಿಟ್ಟಿಗೆ ಕೋಟೆ ಇಲ್ಲಿಂದ ಹತ್ತು ಕಿ.ಮೀ. ಸುಮಾರು; ಅಘನಾಶಿನಿ ಹೊಳೆಯ ದೋಣಿಗಳ ಮೇಲೆ ಕಣ್ಣಿಡಲು ಕಟ್ಟಿದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕುಮಟೆಯ ಕಥೆ ಮಾತ್ರ ಮೆಣಸಿನದಲ್ಲ, ಹತ್ತಿಯದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಬಂದರಿಗೆ ಬಂತು. ಹತ್ತಿ ವರ್ತಕರ ಒತ್ತಾಯ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು ಮುಂದಿನ ತೊಂಬತ್ತು ವರ್ಷ ಎರಡು ಸರ್ಕಾರಗಳ ಕೆಳಗೆ ಬದುಕಿದ್ದರ ಹಿಂದೆ ಹತ್ತಿಯ ಅಂಡಿಗೆಗಳಿವೆ. ಮುಂದೆ ರೈಲು ಗೋವೆಯ ಬಂದರು ಮರ್ಮಗೋವೆಗೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು.

ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿ.ಮೀ. ಸಾಗಿದರೆ ಶಿರಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಇಲ್ಲಿ ಒಂದು ಇಡೀ ದಿನವನ್ನು ಅಡಿಕೆ ತೋಟಕ್ಕೇ ಕೊಡಬೇಕು. ತೋಟ ಕಣಿವೆಯ ತಗ್ಗಿನಲ್ಲಿ, ಅದರ ಮೇಲೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು, ಏಕೆಂದರೆ ಗೊಬ್ಬರ ಹುಟ್ಟುವುದು ಆ ಸೊಪ್ಪು, ದರಕಿನಿಂದ (ಉದುರಿದ ಒಣ ಎಲೆಯಿಂದ). 9 ಅಡಿಗೊಂದು ಅಡಿಕೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಸಾಲಿನ ನಡುವೆ ಬಸಿಗಾಲುವೆ. ಕಾಲುವೆ ಹೂಳು ತುಂಬಿ ಬುಡದಲ್ಲಿ ನೀರು ನಿಂತರೆ ಬಳ್ಳಿಗೆ ಸೊರಗು ರೋಗ ಹತ್ತುತ್ತದೆ. ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಸಾಯುತ್ತದೆ. ಅಡಿಕೆಗೆ ಕೊಳೆರೋಗ. ಎರಡಕ್ಕೂ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಮೆಣಸಿನ ಕೊಯ್ಲು. ಕಾಳು ಬಿಡಿಸಿ, ಒಂದು ನಿಮಿಷ ಕುದಿನೀರಲ್ಲಿ ಅದ್ದಿ, ನಾಲ್ಕೈದು ಬಿಸಿಲು ಒಣಗಿಸಿದರೆ 100 ಕಿಲೋ ಹಸಿಕಾಳು 33 ಕಿಲೋ ಆಸುಪಾಸಿಗೆ ಇಳಿಯುತ್ತದೆ. ತೇವಾಂಶ ಶೇ 12ರ ಮೇಲಿದ್ದರೆ ಬೂಷ್ಟು ಹಿಡಿಯುವ ಭಯ. ಹೀಗೆ ಹಗುರಾಗಿ, ವರ್ಷಗಟ್ಟಲೆ ಕೆಡದೆ, ಬೆಲೆ ಮಾತ್ರ ಹೆಚ್ಚಿರುವ ಸರಕನ್ನೇ ಎತ್ತಿನ ಬೆನ್ನ ಮೇಲೆ ಘಟ್ಟ ಇಳಿಸಿ ಕಡಲಾಚೆ ಕಳಿಸಿದರೂ ಲಾಭ ಉಳಿಯುತ್ತಿತ್ತು.

ಆದರೆ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಲ್ಲಿಯತನಕ ಮನೆ ನಡೆಯುವುದು ಸಾಲದಲ್ಲಿ. ಸಾಲ ಕೊಟ್ಟವನಿಗೇ ಬೆಳೆ, ಅವನು ಹೇಳಿದ್ದೇ ದರ. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳುತನದಲ್ಲಿ ಶಿರಸಿಯ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದು ಈ ಗಂಟು ಬಿಡಿಸಲೆಂದೇ. ಮಾರುಕಟ್ಟೆ ಪ್ರಾಂಗಣದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಕೋಕಾ ಎಂದು ಬೇರೆಬೇರೆಯಾಗಿ ಸುರಿದ ಅಡಿಕೆಯನ್ನು ತಪ್ಪದೆ ನೋಡಿ. ಒಂದೇ ಮರದ ಕಾಯಿ, ಕೊಯ್ದ ಹೊತ್ತು ಮತ್ತು ಬೇಯಿಸಿದ ಬಗೆಯಿಂದ ದರ ಎಷ್ಟು ಬದಲಾಗುತ್ತದೆ ಎಂಬುದು ಅಲ್ಲೇ ಅರ್ಥವಾಗುತ್ತದೆ.

ಬನವಾಸಿಯ ಮಧುಕೇಶ್ವರನನ್ನು ನೋಡಿಕೊಂಡು ಶಿರಾಳಕೊಪ್ಪದ ದಾರಿ ಹಿಡಿದರೆ ಬಳ್ಳಿಗಾವಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳ ಹೆಸರು ಈ ಸೀಮೆಯ ಕಲ್ಲುಗಳಲ್ಲಿ ಸಿಗುತ್ತದೆ. ಅದೇ ಐನೂರ್ವರು 1088ರಲ್ಲಿ ಸುಮಾತ್ರಾದ ಬಾರುಸಿನಲ್ಲಿ ತಮಿಳು ಶಾಸನ ನಿಲ್ಲಿಸಿದವರು. ಇಲ್ಲಿನ ಕೋಡಿಯ ಮಠದ 1162ರ ಶಾಸನ, ಮಠವು ಪಾಠ ಹೇಳುತ್ತಿದ್ದ ಶಾಸ್ತ್ರಗಳ ಜೊತೆಗೆ ಬಡವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದುದನ್ನೂ ಹೇಳುತ್ತದೆ. ಕೇದಾರೇಶ್ವರ ಗುಡಿಯ ಆವರಣದ ಶಾಸನಗಳನ್ನು ಓದಬೇಕಿದ್ದರೆ ಬೆಳಗಿನ ಎಂಟರೊಳಗೆ ಹೋಗಿ. ಓರೆ ಬಿಸಿಲಿನ ನೆರಳಲ್ಲಿ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಸೀಮೆಸುಣ್ಣ, ಹಿಟ್ಟು ಬಳಿಯಬೇಡಿ, ಕಲ್ಲು ಸವೆಯುತ್ತದೆ.