ಕನ್ನಡ ಕಾದಂಬರಿ: ಯಾವುದನ್ನು ಮೊದಲು ಕೈಗೆ ಕೊಡಬೇಕು?

“ಕನ್ನಡದಲ್ಲಿ ಏನಾದರೂ ಓದಬೇಕು, ಒಂದು ಒಳ್ಳೆಯ ಪುಸ್ತಕ ಹೇಳಿ” ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ತಟ್ಟನೆ ಬರುವ ಹೆಸರುಗಳು ‘ಮಲೆಗಳಲ್ಲಿ ಮದುಮಗಳು’, ‘ಮೂಕಜ್ಜಿಯ ಕನಸುಗಳು’, ‘ಪರ್ವ’. ಮೂರೂ ದೊಡ್ಡ ಕೃತಿಗಳೇ, ಅನುಮಾನವಿಲ್ಲ. ಆದರೆ ಶಾಲೆ ಬಿಟ್ಟಮೇಲೆ ಕನ್ನಡ ಪುಸ್ತಕ ಮುಟ್ಟದವರಿಗೆ ಇವುಗಳಲ್ಲಿ ಯಾವುದನ್ನು ಕೊಟ್ಟರೂ ಐವತ್ತನೇ ಪುಟದ ಹೊತ್ತಿಗೆ ಅದು ಕಪಾಟು ಸೇರುವ ಸಂಭವವೇ ಹೆಚ್ಚು. ಜೊತೆಗೆ “ಕನ್ನಡ ಓದುವುದು ನನಗೆ ಆಗಿಬರಲ್ಲ” ಎಂಬ ತೀರ್ಮಾನವೂ ಆಗಿಬಿಡುತ್ತದೆ. ಪ್ರತಿಯೊಬ್ಬ ದೊಡ್ಡ ಲೇಖಕರಿಗೂ ಒಂದು ಜಗಲಿ ಇದೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ನಡುಮನೆಗೆ ಹೋಗಬೇಕು. ಯಾರ ಮನೆಯ ಜಗಲಿ ಯಾವುದು ಅನ್ನುವುದಷ್ಟೇ ಈ ಬರಹ.

ಪುಸ್ತಕ ಹೇಳುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ: ಕೊನೆಯದಾಗಿ ಪೂರ್ತಿ ಓದಿ ಮುಗಿಸಿದ ಪುಸ್ತಕ ಯಾವುದು, ಮನೆಯಲ್ಲಿ ಆಡುವ ಕನ್ನಡ ಯಾವ ಸೀಮೆಯದು. ಮೊದಲನೆಯದರಿಂದ ಎಷ್ಟು ಪುಟ ತಾಳುತ್ತಾರೆ ಅನ್ನುವುದು ತಿಳಿಯುತ್ತದೆ. ಎರಡನೆಯದರಿಂದ ಯಾವ ಸಂಭಾಷಣೆ ಕಿವಿಗೆ ಸಲೀಸಾಗಿ ಬೀಳುತ್ತದೆ ಅನ್ನುವುದು ಗೊತ್ತಾಗುತ್ತದೆ. ಹತ್ತು ಹೆಸರುಗಳ ಪಟ್ಟಿ ಕಳಿಸಬೇಡಿ, ಒಂದೇ ಹೇಳಿ. ಎಲ್ಲಿ ನಿಧಾನವಾಗುತ್ತದೆ, ಎಲ್ಲಿಯವರೆಗೆ ತಾಳಿಕೊಳ್ಳಬೇಕು ಎನ್ನುವುದನ್ನೂ ಸೇರಿಸಿ ಹೇಳಿ. ಶಿಫಾರಸಿನ ಅರ್ಧ ಬೆಲೆ ಇರುವುದು ಆ ಎರಡನೇ ಮಾತಿನಲ್ಲಿ.

ಯಾರಿಗೆ ಏನು ಇಷ್ಟ ಅನ್ನುವುದು ಒಂದಿಷ್ಟೂ ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ಕೊಡಬಹುದಾದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ನೂರೈವತ್ತು ಪುಟದ ಆಸುಪಾಸು, ಆಡುಮಾತಿಗೆ ಹತ್ತಿರವಾದ ಗದ್ಯ, ಪುಟಕ್ಕೊಂದು ನಗು. ಇಲ್ಲಿ ಎಡವುವ ಜಾಗ ಒಂದೇ. ಹಾರುವ ಓತಿಯ ಕಥೆ ಎಂದು ಕೇಳಿ ತೆರೆದವರಿಗೆ ಮೊದಲರ್ಧ ಪೂರ್ತಿ ಜೇನು, ಮಂದಣ್ಣನ ಮದುವೆಯ ಹಂಬಲ, ಕಳ್ಳಭಟ್ಟಿ ಕೇಸು ಇವೇ ಸಿಗುತ್ತವೆ. “ಓತಿ ಎಲ್ಲಿ?” ಎಂದು ಪುಟ ಹಾರಿಸುತ್ತಾರೆ. ಹಾರಿಸಬಾರದು. ಊರವರು ಕೆಲಸಕ್ಕೆ ಬಾರದವನೆಂದು ಎಣಿಸಿದ ಮಂದಣ್ಣನ ಕಣ್ಣಿಗೆ ಕಾಡಿನಲ್ಲಿ ಏನೇನು ಕಾಣುತ್ತದೆ ಅನ್ನುವುದು ಮೊದಲರ್ಧದಲ್ಲಿ ಮನಸ್ಸಿಗೆ ಇಳಿದಿದ್ದರೆ ಮಾತ್ರ ಕೊನೆಯ ಕಾಡಿನ ಪಯಣ ಮೈ ನವಿರೇಳಿಸುತ್ತದೆ. ಇದಾದ ಮೇಲೆ ‘ಜುಗಾರಿ ಕ್ರಾಸ್’, ಆಮೇಲೆ ‘ಚಿದಂಬರ ರಹಸ್ಯ’. ಈ ಕೊನೆಯದರಲ್ಲಿ ಪಾತ್ರಗಳ ಗದ್ದಲ ಹೆಚ್ಚು, ಅದನ್ನು ಮೊದಲು ಕೊಡಬೇಡಿ.

ಕಾರಂತರ ವಿಷಯದಲ್ಲಿ ಆಗುವ ತಪ್ಪು ಜ್ಞಾನಪೀಠದಿಂದ ಆಗುವಂಥದ್ದು. 1977ರ ಪ್ರಶಸ್ತಿ ‘ಮೂಕಜ್ಜಿಯ ಕನಸುಗಳು’ ಕೃತಿಗೆ ಬಂತು, ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಅದು ಅಜ್ಜಿ ಮತ್ತು ಮೊಮ್ಮಗ ಸುಬ್ರಾಯನ ನಡುವಿನ ಮಾತುಕತೆಯ ಪುಸ್ತಕ. ದೇವರು, ಕಾಮ, ಸಾವು, ಮನುಷ್ಯನ ಸಾವಿರಾರು ವರ್ಷಗಳ ನಡೆ ಇವೆಲ್ಲ ಚರ್ಚೆಗೆ ಬರುತ್ತವೆ. ‘ಮುಂದೇನಾಯಿತು’ ಎಂದು ಓದುವವರಿಗೆ ಅದರಲ್ಲಿ ಹಿಡಿತ ಸಿಗುವುದಿಲ್ಲ. ಕಾರಂತರ ಜಗಲಿ ‘ಬೆಟ್ಟದ ಜೀವ’ (1943). ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರು ಗೋಪಾಲಯ್ಯ, ಶಂಕರಮ್ಮ ದಂಪತಿಯ ಮನೆ ಸೇರುತ್ತಾರೆ. ಅಡಿಕೆ ತೋಟ, ಹುಲಿಯ ಕಾಟ, ಮನೆ ಬಿಟ್ಟುಹೋದ ಮಗ, ಕಥೆ ಇಷ್ಟೇ. ಉಪಚಾರದ ಮಾತುಗಳ ಹಿಂದೆ ಆ ಮುದುಕರ ನೋವು ಹೇಗೆ ಅಡಗಿದೆ ಎಂಬುದನ್ನು ಗಮನಿಸುತ್ತಾ ಓದಿದರೆ ಎರಡು ಸಂಜೆಯಲ್ಲಿ ಮುಗಿಯುತ್ತದೆ. ಚಿಕ್ಕದೇ ಬೇಕು, ಕಟುವಾದರೂ ಸರಿ ಅನ್ನುವವರಿಗೆ ‘ಚೋಮನ ದುಡಿ’ (1933). ಪತ್ತೇದಾರಿ ಓದಿ ಅಭ್ಯಾಸವಿರುವವರಿಗೆ ‘ಅಳಿದ ಮೇಲೆ’ ಕೊಡಿ. ಸತ್ತ ಮನುಷ್ಯನೊಬ್ಬ ಬಿಟ್ಟುಹೋದ ಬರಹದ ಜಾಡು ಹಿಡಿದು ಅವನ ಬದುಕನ್ನು ಹುಡುಕಿಕೊಂಡು ಹೋಗುವ ಕಾದಂಬರಿ ಅದು, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೂಕಜ್ಜಿಯ ಸರದಿ ಇವುಗಳ ನಂತರ ಬಂದರೆ ಆಕೆಯ ಮಾತು ಎಷ್ಟು ದಿಟ್ಟವಾದದ್ದು ಎಂದು ತಾನಾಗಿಯೇ ತಿಳಿಯುತ್ತದೆ.

ಈಗ ಕುವೆಂಪು. ‘ಮಲೆಗಳಲ್ಲಿ ಮದುಮಗಳು’ (1967) ಏಳುನೂರು ಪುಟ ದಾಟುವ ಕಾದಂಬರಿ. ಕನ್ನಡದಲ್ಲಿ ಒಂದೇ ಕಾದಂಬರಿ ಉಳಿಸಿಕೊಳ್ಳಬಹುದು ಅಂದರೆ ನನ್ನ ಆಯ್ಕೆ ಅದೇ. ಅದಕ್ಕಾಗಿಯೇ ಅದನ್ನು ಅವಸರದಲ್ಲಿ ಯಾರಿಗೂ ಕೊಡಬಾರದು. ಜಗಲಿ ‘ಮಲೆನಾಡಿನ ಚಿತ್ರಗಳು’ (1933). ಅದರಲ್ಲಿ ‘ಅಜ್ಜಯ್ಯನ ಅಭ್ಯಂಜನ’ ಒಂದನ್ನು ಓದಿಸಿದರೆ ಸಾಕು. ಮಲೆನಾಡಿನ ಮನೆ, ಬಚ್ಚಲು, ಹಂಡೆ, ಆಳುಕಾಳು ಎಲ್ಲದರ ಪರಿಚಯ ನಗುತ್ತಲೇ ಆಗಿಬಿಡುತ್ತದೆ. ನಡುವೆ ‘ಕಾನೂರು ಹೆಗ್ಗಡಿತಿ’ (1936). ಅದಕ್ಕೆ ಹೂವಯ್ಯನೆಂಬ ನಾಯಕನಿದ್ದಾನೆ, ಒಂದು ಮನೆತನವಿದೆ, ಹಾಗಾಗಿ ಹಿಡಿದು ನಡೆಯಲು ದಾರ ಸಿಗುತ್ತದೆ.

ಮದುಮಗಳಿನಲ್ಲಿ ಆ ದಾರ ಇಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಮೊದಲಲ್ಲೇ ಹೇಳಿಬಿಟ್ಟಿದ್ದಾರೆ. ಆ ಪುಟವನ್ನು ಓದದೆ ಮುಂದೆ ಹೋದವರೇ ಎಡವುವುದು. ನಾಯಕ ಯಾರು ಎಂದು ಹುಡುಕುತ್ತಾ ಮೊದಲು ನಾಯಿಗುತ್ತಿಯನ್ನು ಹಿಡಿಯುತ್ತಾರೆ, ಅವನು ಕಣ್ಮರೆಯಾದಾಗ ಮುಕುಂದಯ್ಯನನ್ನು, ಆಮೇಲೆ ಐತ, ಪೀಂಚಲು. ನೂರು ಪುಟದಲ್ಲಿ ದಣಿಯುತ್ತಾರೆ. ಉಪಾಯ ಹೀಗೆ: ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಊರುಗಳನ್ನು ಬರೆದುಕೊಳ್ಳಿ: ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಮೇಗರವಳ್ಳಿ. ಹೊಸ ಪಾತ್ರ ಬಂದಾಗಲೆಲ್ಲ ಆ ಊರಿನ ಕೆಳಗೆ ಹೆಸರು, ಪಕ್ಕದಲ್ಲಿ ಯಾರ ಮಗ, ಯಾರ ಆಳು ಎಂದು ಎರಡು ಪದ. ಕಾದಂಬರಿಯ ಜನ ಪರಸ್ಪರ ಗುರುತು ಹಿಡಿಯುವುದೂ ಊರಿನಿಂದಲೇ, ಆದ್ದರಿಂದ ಈ ಹಾಳೆ ಪುಸ್ತಕದ ಒಳಗಿನ ಲೆಕ್ಕಕ್ಕೇ ಹೊಂದುತ್ತದೆ. ನೂರೈವತ್ತು ಪುಟವಾದ ಮೇಲೆ ಅದನ್ನು ನೋಡುವ ಅಗತ್ಯವೇ ಬೀಳದು. ಹಾಡ್ಯ, ಕಂಬಳಿಕೊಪ್ಪೆ ಇಂಥ ಪದಗಳಿಗೆ ನಿಘಂಟು ತೆರೆಯಬೇಡಿ. ಮೂರು ಸಲ ಬರುವಷ್ಟರಲ್ಲಿ ಅರ್ಥ ಕಣ್ಣಮುಂದೆ ನಿಂತಿರುತ್ತದೆ. ದಿನಕ್ಕೆ ಇಪ್ಪತ್ತು ಪುಟ ಅಂದರೆ ಐದಾರು ವಾರ. ಮಳೆಗಾಲದಲ್ಲಿ ಶುರು ಮಾಡಿದರೆ ಇನ್ನೂ ಚೆನ್ನ.

ಭೈರಪ್ಪನವರಲ್ಲಿ ‘ಪರ್ವ’ (1979) ಓದುವವರಿಗೆ ಮಹಾಭಾರತದ ವಂಶಾವಳಿ ಬಾಯಿಗೆ ಬರಬೇಕು. ಕಾದಂಬರಿ ಹಸ್ತಿನಾವತಿಯಲ್ಲಿ ಶುರುವಾಗುವುದಿಲ್ಲ. ಮದ್ರದಲ್ಲಿ, ಮುದಿ ಶಲ್ಯನ ಮನೆಯಲ್ಲಿ. ಅಲ್ಲಿಂದ ಒಬ್ಬೊಬ್ಬರ ನೆನಪಿನೊಳಗೆ ಇಳಿಯುತ್ತಾ ಹೋಗುತ್ತದೆ. ಪುರಾಣದ ವೈಭವ ಬಯಸಿ ಬಂದವರಿಗೆ ಯುದ್ಧದ ಕೊಳಕು, ದಣಿವು, ಹಸಿವು ಸಿಗುತ್ತವೆ. ಅದನ್ನು ಮೊದಲೇ ಹೇಳಿ ಕೊಡಿ. ಮೊದಲ ಓದಿಗೆ ‘ಗೃಹಭಂಗ’ (1970) ವಾಸಿ. ನಂಜಮ್ಮನ ಸಂಸಾರ, ಅತ್ತೆ ಗಂಗಮ್ಮನ ಬಾಯಿ, ಪ್ಲೇಗು. ಪುಟ ತಾನಾಗಿ ತಿರುಗುತ್ತದೆ. ಆದರೆ ಮನೆಯಲ್ಲಿ ಈಚೆಗೆ ಸಾವು ಕಂಡವರಿಗೆ ಇದನ್ನು ಕೊಡಲೇಬೇಡಿ. ಸಾವಿನ ಮೇಲೆ ಸಾವು ಬರುವ ಪುಸ್ತಕ, ಎಲ್ಲಿಯೂ ಸಮಾಧಾನ ಹೇಳುವುದಿಲ್ಲ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಚಿಕ್ಕದು, ಬಿಗಿಯಾದದ್ದು. ನಾರಣಪ್ಪನ ಹೆಣ, ಇಲಿಗಳು, ಅಗ್ರಹಾರದ ದಿಗಿಲು ಇರುವವರೆಗೆ ಯಾರೂ ಬಿಡುವುದಿಲ್ಲ. ಪ್ರಾಣೇಶಾಚಾರ್ಯರು ಊರು ಬಿಟ್ಟು ನಡೆಯತೊಡಗಿದ ಮೇಲೆ ಕಥೆ ತಣ್ಣಗಾಯಿತು ಅನಿಸುತ್ತದೆ. ಅಲ್ಲಿ ಪುಟ್ಟ ಜೊತೆಯಾಗುತ್ತಾನೆ. ಅವನ ಹರಟೆಯನ್ನು ಬಿಟ್ಟು ಓದಿದರೆ ಜಾತ್ರೆಯಲ್ಲಿ ಆಚಾರ್ಯರಿಗೆ ಆಗುವ ಭಯ ಅರ್ಥವಾಗುವುದಿಲ್ಲ.

ಇಂಗ್ಲಿಷಿನಲ್ಲೇ ಓದಿ ಬೆಳೆದವರಿಗೆ, ಊರು ಬಿಟ್ಟು ದೂರ ಇರುವವರ ಮಕ್ಕಳಿಗೆ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಒಳ್ಳೆಯ ಬಾಗಿಲು. ಬೆಂಗಳೂರಿನ ಇಕ್ಕಟ್ಟಿನ ಮನೆ, ದಿಢೀರೆಂದು ಬಂದ ಹಣ, ಇರುವೆಗಳು. ಒಂದೇ ಕೂತದ್ದಕ್ಕೆ ಓದಿ ಎಂದು ಹೇಳಿ. ಬಿಟ್ಟು ಬಿಟ್ಟು ಓದಿದವರು ಕೊನೆಯ ಪುಟದಲ್ಲಿ “ಇಷ್ಟೇನಾ?” ಅನ್ನುತ್ತಾರೆ, ಏಕೆಂದರೆ ನಡುವೆ ಯಾರು ಯಾರ ಬಗ್ಗೆ ಎಷ್ಟು ಹಗುರವಾಗಿ ಏನು ಅಂದಿದ್ದರು ಎಂಬುದು ಮರೆತಿರುತ್ತದೆ. ದಪ್ಪ ಪುಸ್ತಕ ಬೇಕೆಂದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಲಿಸ್ಬನ್ನಿನ ಕಥೆ, ತುಂಗಭದ್ರಾ ತೀರದ ತೆಂಬಕಪುರದ ಕಥೆ ಬೇರೆ ಬೇರೆಯಾಗಿ ಸಾಗಿ ಆಮೇಲೆ ಕೂಡುತ್ತವೆ. ಒಂದನ್ನೇ ಓದುತ್ತೇನೆ ಎಂದು ಇನ್ನೊಂದನ್ನು ಹಾರಿಸಬಾರದು. ಹಿಂಸೆಯ ದೃಶ್ಯಗಳು ವಿವರವಾಗಿವೆ, ಎಳೆಯರಿಗೆ ಕೊಡುವಾಗ ನೆನಪಿರಲಿ.

ಹೆಂಗಸರ ಬರಹವನ್ನು ಪಟ್ಟಿಯ ಕೊನೆಗೆ ಹಾಕುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮೊದಲ ಪುಸ್ತಕವಾಗಿಯೇ ಕೊಡುವಂಥದ್ದು; ತಿಳಿಗನ್ನಡ, ಅಳುಬುರುಕುತನವಿಲ್ಲದ ವಿಧವೆಯ ಕಥೆ. ವೈದೇಹಿಯವರನ್ನು ಓದಬೇಕೆಂದರೆ ‘ಅಕ್ಕು’ ಕಥೆಯಿಂದ ಶುರು ಮಾಡಿ. ಕುಂದಾಪುರದ ಕಡೆಯ ಮಾತು ಗೊತ್ತಿಲ್ಲದವರು ಸಂಭಾಷಣೆಯನ್ನು ಮೆಲುದನಿಯಲ್ಲಿ ಬಾಯಿಬಿಟ್ಟು ಓದಿಕೊಂಡರೆ ಸಾಕು, ತಿಳಿಯುತ್ತದೆ.

ಬಾಯಿಬಿಟ್ಟು ಓದಲೇಬೇಕಾದ ಇನ್ನೊಂದಿದೆ: ದೇವನೂರ ಮಹಾದೇವರ ‘ಕುಸುಮಬಾಲೆ’. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಟ್ಟ ಪುಸ್ತಕವನ್ನು ಕೊಂಡವರು ಬಹಳ, ಮುಗಿಸಿದವರು ಕಡಿಮೆ. ನಂಜನಗೂಡು ಸೀಮೆಯ ನುಡಿ ಇಡೀ ಪುಸ್ತಕದ ಉಸಿರು, ನಿರೂಪಣೆಯೂ ಅದರಲ್ಲೇ. ಅಲ್ಲಿ ದೀಪದ ಜೋತಮ್ಮಗಳೂ ಕೂತು ಮಾತಾಡುತ್ತವೆ. ಮೊದಲು ಅವರದೇ ‘ಒಡಲಾಳ’ ಓದಿ. ಸಾಕವ್ವನ ಕಳೆದುಹೋದ ಹುಂಜ, ರಾತ್ರಿ ಬೆಂಕಿಯ ಸುತ್ತ ಕೂತು ಇಡೀ ಮನೆ ಕಡಲೇಕಾಯಿ ತಿನ್ನುವ ದೃಶ್ಯ, ಬೆಳಗ್ಗೆ ಬರುವ ಪೊಲೀಸರು. ಆ ಮಾತಿನ ಲಯ ಅಲ್ಲಿ ಕಿವಿಗೆ ಹತ್ತುತ್ತದೆ. ಆಮೇಲೆ ಕುಸುಮಬಾಲೆಯನ್ನು ದಿನಕ್ಕೆ ನಾಲ್ಕೇ ಪುಟ, ದನಿ ತೆಗೆದು, ಹಾಡುಗಬ್ಬ ಕೇಳುವ ಹಾಗೆ. ಮೈಸೂರು, ಚಾಮರಾಜನಗರದ ಕಡೆಯವರು ಯಾರಾದರೂ ಪಕ್ಕದಲ್ಲಿದ್ದರೆ ಪುಸ್ತಕ ಅವರ ಕೈಗೆ ಕೊಟ್ಟು ನೀವು ಕೇಳಿಸಿಕೊಳ್ಳಿ.